ಮಹಡಿಯ ಮೇಲಿನ ಲೆಕ್ಕ

ಪರೀಕ್ಷೆಗೆ ಓದುವವರನ್ನು ನೋಡುತ್ತ ಕೂರುವುದು ನನ್ನ ವೃತ್ತಿಯ ಒಂದು ಭಾಗವೇ ಆಗಿಬಿಟ್ಟಿದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಪರೀಕ್ಷೆಯ ಕಾಲ ಬಂತೆಂದರೆ ಎತ್ತ ತಿರುಗಿದರೂ ಓದುವವರೇ. ಹೊಂಗೆಮರದ ಕಟ್ಟೆಯ ಮೇಲೆ ನಾಲ್ವರು, ಮೆಟ್ಟಿಲುಗಳ ಮೇಲೆ ಆರು ಮಂದಿ, ಕ್ಯಾಂಟೀನಿನ ಒಂದೇ ಮೇಜಿಗೆ ಹತ್ತು ಜನ. ನಾಲ್ವರ ನಡುವೆ ಪುಸ್ತಕ ಒಂದೇ. ಒಬ್ಬ ಓದುತ್ತಾನೆ, ಇನ್ನೊಬ್ಬ ಕೇಳುತ್ತಾನೆ, ಮೂರನೆಯವನು ಚುರುಮುರಿ ತಿನ್ನುತ್ತಾನೆ, ನಾಲ್ಕನೆಯವನು “ಇದು ಬರಲ್ಲ ಬಿಡ್ರೋ” ಎಂದು ಭವಿಷ್ಯ ನುಡಿಯುತ್ತಾನೆ. ಪಾಸಾದರೂ ಜೊತೆಯಲ್ಲಿ, ಫೇಲಾದರೂ ಜೊತೆಯಲ್ಲಿ. ಓದು ಎಷ್ಟರಮಟ್ಟಿಗೆ ಆಯಿತೆಂಬುದು ಬೇರೆ ಮಾತು. ಆದರೆ ಅಲ್ಲಿ ಒಂಟಿಯೆಂಬವನು ಯಾರೂ ಇಲ್ಲ.

ಒಂಟಿಯಾಗಿ ಓದುವುದೆಂದರೇನೆಂದು ನಾನು ಹತ್ತಿರದಿಂದ ಕಂಡದ್ದು ಅಕ್ಕನ ಮಗ ನಮ್ಮ ಮನೆಯ ಮಹಡಿಯ ಕೋಣೆಗೆ ಬಂದ ಮೇಲೆ. ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆ, ಜನ ಎರಡೇ ಅಕ್ಷರದಲ್ಲಿ ಸಿ.ಎ. ಎನ್ನುವ ಆ ಪರೀಕ್ಷೆ, ಅದರ ಕೊನೆಯ ಮೆಟ್ಟಿಲ ಮೇಲೆ ಅವನು ನಿಂತಿದ್ದ. ಬೆಂಗಳೂರಿನಲ್ಲಿ ಒಬ್ಬ ಲೆಕ್ಕಿಗರ ಕಚೇರಿಯಲ್ಲಿ ತರಬೇತಿ ಮುಗಿಸಿದ್ದ. ಒಟ್ಟಿಗೆ ಕೋಣೆ ಮಾಡಿಕೊಂಡಿದ್ದ ಮೂವರಲ್ಲಿ ಒಬ್ಬ ಪಾಸಾಗಿ ಹೈದರಾಬಾದಿಗೆ ಹೋದ. ಇನ್ನೊಬ್ಬ ಪರೀಕ್ಷೆಗೆ ಕೈಮುಗಿದು ಬ್ಯಾಂಕು ಸೇರಿದ. ಒಬ್ಬನೇ ಬಾಡಿಗೆ ಕೊಡಲು ಸಾಧ್ಯವೆ? ಊರಿಗೆ, ಅಂದರೆ ಸಾಗರದ ಸಮೀಪದ ಹಳ್ಳಿಗೆ, ಹೋಗೋಣವೆಂದರೆ ಅಲ್ಲಿ ಅಡಕೆ ಸುಲಿಯಲು ಬಂದವರಿಂದ ಹಿಡಿದು ದೇವಸ್ಥಾನದ ಭಟ್ಟರವರೆಗೆ ಎಲ್ಲರದೂ ಒಂದೇ ಪ್ರಶ್ನೆ: “ಏನ್ ಮಾಣಿ, ಪರೀಕ್ಷೆ ಮುಗೀತಾ?” ಹೀಗಾಗಿ ಎರಡು ಟ್ರಂಕು ಪುಸ್ತಕಗಳೊಂದಿಗೆ ಸೋದರಮಾವನ ಮನೆಗೆ ಬಂದ.

ಆ ಪರೀಕ್ಷೆಯ ಕಟ್ಟಳೆ ಓದುಗರಲ್ಲಿ ಹಲವರಿಗೆ ತಿಳಿದಿರಬಹುದು. ತಿಳಿಯದವರಿಗಾಗಿ ನಾಲ್ಕು ಮಾತು. ನಮ್ಮ ಸಂಸತ್ತು 1949ರಲ್ಲಿ ಮಾಡಿದ ಕಾನೂನಿನಂತೆ ಆ ವರ್ಷದ ಜುಲೈ 1ರಂದು ಹುಟ್ಟಿದ ಸಂಸ್ಥೆ ಇದನ್ನು ನಡೆಸುತ್ತದೆ. ಮೂರು ಮೆಟ್ಟಿಲು, ನಡುವೆ ಕಚೇರಿಯೊಂದರಲ್ಲಿ ಶಿಷ್ಯವೃತ್ತಿ. ಅದು ಮೂರು ವರ್ಷವಿತ್ತು, 2023ರ ಹೊಸ ಕ್ರಮದಿಂದ ಎರಡು ವರ್ಷವಾಗಿದೆ. ಕೊನೆಯ ಪರೀಕ್ಷೆಗೆ ಆರು ಪತ್ರಿಕೆ, ಮೂರು ಮೂರರಂತೆ ಎರಡು ಗುಂಪು. ಪ್ರತಿ ಪತ್ರಿಕೆಯಲ್ಲಿ 40 ಅಂಕ ಬಂದರೆ ಸಾಲದು. ಗುಂಪಿನ ಮೊತ್ತ 300ಕ್ಕೆ 150 ಆಗಬೇಕು. ವರ್ಷಕ್ಕೆ ಎರಡು ಸಲ ನಡೆಯುತ್ತಿದ್ದ ಈ ಕೊನೆಯ ಪರೀಕ್ಷೆ 2025ರಿಂದ ಮೂರು ಸಲ ಆಗಿದೆ. ಅವಕಾಶ ಹೆಚ್ಚಿತೆಂದು ಸಂತೋಷಪಡುವವರು, ಬಂಧುಗಳು ಪ್ರಶ್ನೆ ಕೇಳುವ ಅವಕಾಶವೂ ಮೂರಾಯಿತೆಂಬುದನ್ನು ಗಮನಿಸಬೇಕು.

ನಮ್ಮ ಹುಡುಗ ಎರಡನೆಯ ಗುಂಪನ್ನು ದಾಟಿದ್ದ. ಮೊದಲನೆಯದು ಎರಡು ಸಲ ಕೈಕೊಟ್ಟಿತ್ತು. ಎರಡನೆಯ ಸಲ ಅವನಿಗೆ ಬಂದದ್ದು 52, 41, 51, ಒಟ್ಟು 144. ಆರು ಅಂಕ ಕಡಿಮೆ. ಆರು ಅಂಕವೆಂದರೆ ನಮ್ಮ ಕನ್ನಡ ಪತ್ರಿಕೆಯಲ್ಲಿ ಎರಡು ‘ಸಂದರ್ಭ ಸೂಚಿಸಿ ವಿವರಿಸಿ’. ಅವನ ಪಾಲಿಗೆ ಅದು ಇನ್ನೊಂದು ಸುತ್ತಿನ ತಿಂಗಳುಗಟ್ಟಲೆ ಓದು.

ಓದು ಎಂದೆ. ಯಾರ ಬಳಿ? ಕಾಲೇಜಿಲ್ಲ, ಬೆಂಚಿಲ್ಲ, ಗಂಟೆಯಿಲ್ಲ, ಹಾಜರಿ ಕೂಗುವವರಿಲ್ಲ. ಮೇಷ್ಟರುಗಳು ಇದ್ದಾರೆ, ಆದರೆ ಎಂದೋ ಎಲ್ಲೋ ಹೇಳಿದ ಪಾಠವನ್ನು ಕಂಪ್ಯೂಟರಿನೊಳಗೆ ತುಂಬಿಟ್ಟು ಹೋಗಿದ್ದಾರೆ. ಕಾಲ ಉಳಿಸಲೆಂದು ಹುಡುಗರು ಆ ಪಾಠವನ್ನು ಎರಡರಷ್ಟು ವೇಗದಲ್ಲಿ ಓಡಿಸಿ ಕೇಳುತ್ತಾರೆ. ಕೆಳಗೆ ಕುಳಿತ ನನಗೆ ಮೇಲಿಂದ ಬರುತ್ತಿದ್ದ ಆ ದನಿ, ಕೊನೆಯ ಬಸ್ಸು ತಪ್ಪೀತೆಂದು ಹೆದರಿದ ಹರಿಕಥೆದಾಸರದಂತೆ ಕೇಳುತ್ತಿತ್ತು. ಮೊದಲು ನಕ್ಕೆ. ದಿನವೆಲ್ಲ ಆ ಹುಡುಗನ ಕಿವಿಗೆ ಬೀಳುವ ಮನುಷ್ಯಧ್ವನಿ ಅದೊಂದೇ ಎಂದು ಹೊಳೆದಾಗ ನಗು ನಿಂತಿತು.

ನಮ್ಮ ಭಾಷೆಯಲ್ಲಿ ಏಕಾಂತವೆಂಬುದು ಒಂದು, ಒಂಟಿತನವೆಂಬುದು ಇನ್ನೊಂದು. ಏಕಾಂತವನ್ನು ನಾವು ಹುಡುಕಿಕೊಂಡು ಹೋಗುತ್ತೇವೆ. ಒಂಟಿತನ ತಾನೇ ಮನೆ ಹುಡುಕಿಕೊಂಡು ಬರುತ್ತದೆ. ಋಷಿಗಳಿಗೆ, ಕವಿಗಳಿಗೆ, ಹೊಸದಾಗಿ ಮದುವೆಯಾದವರಿಗೆ ಬೇಕಾದದ್ದು ಏಕಾಂತ. (ಹಳೆಯ ಗಂಡಸರು ಕಿವಿಗೆ ಹಾಕಿಕೊಳ್ಳುತ್ತಿದ್ದ ‘ಒಂಟಿ’ಯಾದರೂ ಎರಡೂ ಕಿವಿಗೆ ಒಂದೊಂದು ಇರುತ್ತಿತ್ತು, ಅದರ ಪಾಡು ಇದಕ್ಕಿಂತ ಮೇಲು.) ಮಹಡಿಯ ಕೋಣೆಗೆ ಅವನು ಏಕಾಂತ ಬೇಕೆಂದೇ ಬಂದ. ಒಂದು ತಿಂಗಳಲ್ಲಿ ಅದು ಮತ್ತೊಂದಾಗಿ ತಿರುಗಿತ್ತು.

ಆಗುವ ಬಗೆ ಹೀಗೆ. ಮೊದಲು ಫೋನಿನಿಂದ ಆಟ, ಚಿತ್ರ, ಹರಟೆಗಳನ್ನೆಲ್ಲ ತೆಗೆದುಹಾಕಿದ. ಓದುವವನಿಗೆ ಅದು ಸರಿಯೆ. ಹರಟೆಯ ಜೊತೆಗೆ ಹರಟುವವರೂ ಹೋದರು. ಜೊತೆಯಲ್ಲಿ ಓದಿದವರು ಕೆಲಸಕ್ಕೆ ಸೇರಿ ಸಂಬಳ, ವರ್ಗಾವಣೆ, ಕಾರಿನ ಸಾಲ ಎಂದು ಮಾತಾಡುವರು. ಅದರಲ್ಲಿ ಇವನು ಸೇರಿಸಬಹುದಾದ ಮಾತಿಲ್ಲ. ಆಪ್ತ ಗೆಳೆಯನೊಬ್ಬನ ಮದುವೆಗೆ ಹೋಗಲಿಲ್ಲ. ಕೇಳಿದರೆ, “ಛತ್ರದಲ್ಲಿ ನೂರು ಜನ ಸಿಗ್ತಾರೆ ಮಾವ, ನೂರು ಸಲ ಹೇಳ್ಬೇಕು” ಎಂದ. ರಾತ್ರಿ ಎಂಟಕ್ಕೆ ಅಕ್ಕನ ಫೋನು ಬರುತ್ತಿತ್ತು. ಊಟ ಆಯ್ತಾ, ಆಯ್ತು. ಓದ್ತಿದೀಯಾ, ಓದ್ತಿದೀನಿ. ಪಾಪ, ಅಕ್ಕನಾದರೂ ಇನ್ನೇನು ಕೇಳಿಯಾಳು! ಮಗನ ತಲೆಯಲ್ಲಿರುವ ವಿಷಯದ ಹೆಸರೇ ಅವಳ ಬಾಯಿಗೆ ಬರುವಂಥದಲ್ಲ.

ಜುಲೈ ತಿಂಗಳಲ್ಲಿ ನಾವಿಬ್ಬರೂ ಹಾಸನದಲ್ಲಿ ಒಂದು ಉಪನಯನಕ್ಕೆ ಹೋಗಿ ಮೂರು ದಿನ ಇದ್ದು ಬಂದೆವು. ಬಂದಾಗ ಬಾಗಿಲು ತೆರೆದ ಅವನು “ಬನ್ನಿ” ಎಂದ. ಎಂದವನು ಗಂಟಲು ಸರಿಮಾಡಿಕೊಂಡು ಮತ್ತೆ “ಬನ್ನಿ ಅತ್ತೆ” ಎಂದ. ನೆಗಡಿಯೇ ಎಂದು ನನ್ನಾಕೆ ವಿಚಾರಿಸಿದಳು. ಅಲ್ಲವಂತೆ. ಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಹಾಲಿನ ಪೊಟ್ಟಣವನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ, ಊಟ ಫೋನಿನಲ್ಲಿ ಬೆರಳಾಡಿಸಿದರೆ ಬರುತ್ತದೆ, ತಂದವನು ಕೈಗಿಟ್ಟು ಓಡುತ್ತಾನೆ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಒಬ್ಬ ಮನುಷ್ಯ ಮೂರು ದಿನ ಒಂದು ಮಾತೂ ಆಡದೆ ಸುಖವಾಗಿ ಉಂಡು ಮಲಗಬಹುದು! ಹಿಂದೆ ಮೌನವ್ರತ ಹಿಡಿದವರಿಗೆ ಇಷ್ಟು ಅನುಕೂಲ ಇರಲಿಲ್ಲ. “ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ ಮಾವ” ಎಂದು ಅವನು ನಗುತ್ತಲೇ ಹೇಳಿದ. ಆ ನಗು ನನಗೆ ಹಿಡಿಸಲಿಲ್ಲ.

ಅವನ ಪುಸ್ತಕಗಳ ಮೇಲೆ ಆ ಸಂಸ್ಥೆಯ ಲಾಂಛನವಿದೆ: ರೆಕ್ಕೆ ಬಿಚ್ಚಿದ ಗರುಡ, ಜೊತೆಗೆ ಕಠೋಪನಿಷತ್ತಿನ ಒಂದು ಮಾತು. ಅದನ್ನು ಸೂಚಿಸಿದವರು ಶ್ರೀ ಅರವಿಂದರೆಂದು ಹೇಳುತ್ತಾರೆ. ಎಲ್ಲರೂ ಮಲಗಿರುವಾಗ ಎಚ್ಚರವಾಗಿರುವವನು ಎಂದು ಅದರ ತಾತ್ಪರ್ಯ. ದೇಶದ ಲೆಕ್ಕಕ್ಕೆ ಕಾವಲಿರುವವರಿಗೆ ಎಷ್ಟು ಒಪ್ಪುವ ಮಾತು! ಆದರೆ ಉಪನಿಷತ್ತಿನಲ್ಲಿ ಅದು ಪರಮಪುರುಷನ ವರ್ಣನೆ; ಅವನಿಗೆ ಎರಡನೆಯವನ ಅಗತ್ಯವಿಲ್ಲ. ಇಪ್ಪತ್ತನಾಲ್ಕು ವರ್ಷದ ಮಲೆನಾಡ ಹುಡುಗನಿಗೆ ಅಗತ್ಯವಿದೆ. ಆ ಮಾತು ಹುಟ್ಟಿದ ಸಂದರ್ಭವೂ ಸ್ವಾರಸ್ಯವಾದದ್ದೇ. ಅದನ್ನು ಯಮ ಹೇಳುವುದು ನಚಿಕೇತನಿಗೆ. ಆ ಬಾಲಕ ಪರಸ್ಥಳದಲ್ಲಿ ಮೂರು ರಾತ್ರಿ ಅನ್ನವಿಲ್ಲದೆ, ಏನೆಂದು ಕೇಳುವವರಿಲ್ಲದೆ ಕಾದಿದ್ದ. ಮನೆಗೆ ಬಂದ ಯಮ, ಅತಿಥಿ ಹೀಗೆ ಇರಬೇಕಾಯಿತಲ್ಲ ಎಂದು ಮೊದಲು ಅದಕ್ಕೆ ಪರಿಹಾರ ಕೊಟ್ಟ, ತತ್ತ್ವ ಆಮೇಲೆ. ಯಮನಿಗಿದ್ದ ಸೂಕ್ಷ್ಮ ನಮ್ಮ ಬಂಧುಗಳಿಗೆ ಇಲ್ಲ. ಅವರಲ್ಲಿ ಮೊದಲು ತತ್ತ್ವ. “ಬೆಳಿಗ್ಗೆ ಎದ್ದು ಧ್ಯಾನ ಮಾಡು”, “ಒಂದು ರೌಂಡು ವಾಕಿಂಗ್ ಹೋಗು”, “ಒಳ್ಳೆಯದನ್ನೇ ಯೋಚಿಸು.” ಹೇಳಿದವರು ಹೇಳಿ ಮನೆಗೆ ಹೋಗುತ್ತಾರೆ, ಕೇಳಿದವನು ಮತ್ತೆ ಕೋಣೆಗೆ ಹೋಗುತ್ತಾನೆ.

ಹಾಸನದಿಂದ ಬಂದ ಮರುದಿನ ನನ್ನಾಕೆ ತತ್ತ್ವವೇನನ್ನೂ ಹೇಳಲಿಲ್ಲ. ಸಂಜೆ ಆರಕ್ಕೆ ಮಹಡಿಯ ಮೆಟ್ಟಿಲ ಬಳಿ ನಿಂತು, “ಗಾಂಧಿಬಜಾರಿಗೆ ಹೊರಟಿದೀನಿ. ಚೀಲ ಹಿಡಿಯೋಕೆ ಜನ ಬೇಕು, ಬಾ” ಎಂದಳು. ಬಂದ. ಮರುದಿನವೂ ಕರೆದಳು. ನಾಲ್ಕನೆಯ ದಿನ “ಇವತ್ತು ಪಾಠ ಜಾಸ್ತಿ ಇದೆ ಅತ್ತೆ” ಎಂದ. “ನನ್ನ ಮಂಡಿನೋವೂ ಜಾಸ್ತಿ ಇದೆ” ಎಂದಳು. ಆಕೆಯ ಮಂಡಿ ನಿಜವಾಗಿ ನೋಯುತ್ತದೆ. ಅದು ನಾಟಕವಾಗಿದ್ದರೆ ಅವನು ಎರಡು ದಿನದಲ್ಲಿ ಕಂಡುಹಿಡಿದು ತಪ್ಪಿಸಿಕೊಳ್ಳುತ್ತಿದ್ದ. ವಿಶ್ರಾಂತಿ ತೆಗೆದುಕೋ ಎಂದರೆ ಓದುವವನಿಗೆ ಅಪರಾಧದಂತೆ ತೋರುತ್ತದೆ. ಚೀಲ ಹಿಡಿ ಎಂದರೆ ಅದು ಕೆಲಸ, ಅದರಲ್ಲಿ ಅಪರಾಧವಿಲ್ಲ. ಅಂಗಡಿಯಲ್ಲಿ ಸೊಪ್ಪಿನಾಕೆ ಅವನನ್ನು “ಏನಪ್ಪಾ, ಇವತ್ತು ದಂಟು ಚೆನ್ನಾಗೈತೆ” ಎಂದು ಮಾತಾಡಿಸುವಳು. ಪರೀಕ್ಷೆಯ ವಿಷಯ ಕೇಳದೆ ಅವನನ್ನು ಮಾತಾಡಿಸುತ್ತಿದ್ದವಳು ಈ ನಗರದಲ್ಲಿ ಬಹುಶಃ ಅವಳೊಬ್ಬಳೇ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಎರಡು ಬಾಳೆಕಂದನ್ನು ಹೆಗಲ ಮೇಲೆ ಹೊತ್ತು, ಜನಜಂಗುಳಿಯಲ್ಲಿ “ಸೈಡ್ ಬಿಡಿ, ಸೈಡ್ ಬಿಡಿ” ಎಂದು ಕೂಗುತ್ತ ಬಂದವನ ಗಂಟಲು ನೆಟ್ಟಗಾಗಿತ್ತು.

ನನ್ನ ಪಾಲಿನ ಕೆಲಸ ಬಂದದ್ದು ತಾನಾಗಿ. ಒಂದು ರಾತ್ರಿ ಊಟವಾದ ಮೇಲೆ, ಇವತ್ತು ಏನು ಓದಿದೆ ಎಂದು ಕೇಳಿದೆ. “ಹೇಳಿದ್ರೆ ನಿಮಗೆ ಗೊತ್ತಾಗಲ್ಲ ಮಾವ” ಎಂದ. ಗೊತ್ತಾಗುವ ಹಾಗೆ ಹೇಳು, ದಿನಾ ನಾನು ಹಳಗನ್ನಡವನ್ನು ವಾಣಿಜ್ಯ ವಿಭಾಗದ ಹುಡುಗರಿಗೆ ಹೇಳುತ್ತಿಲ್ಲವೆ ಎಂದೆ.

“ಒಂದು ಕಂಪನಿ ಐವತ್ತು ವರ್ಷ ಒಳ್ಳೆಯ ಹೆಸರು ಸಂಪಾದಿಸಿದೆ ಅಂದ್ಕೊಳ್ಳಿ. ಆ ಹೆಸರಿಗೆ ಬೆಲೆ ಇದೆಯೋ ಇಲ್ವೋ?”

“ಇದ್ದೇ ಇರಬೇಕಲ್ಲ.”

“ಇದೆ. ಆದ್ರೆ ಅದನ್ನ ಆಸ್ತಿ ಅಂತ ತನ್ನ ಲೆಕ್ಕದಲ್ಲಿ ತೋರಿಸೋ ಹಾಗಿಲ್ಲ. ಬೇರೆ ಕಂಪನಿ ಇದನ್ನ ಕೊಂಡುಕೊಳ್ಳುವಾಗ ಇರೋ ಆಸ್ತಿಯ ಬೆಲೆಗಿಂತ ಹೆಚ್ಚಿಗೆ ದುಡ್ಡು ಕೊಟ್ಟರೆ, ಆ ಹೆಚ್ಚಿನ ದುಡ್ಡು ಕೊಂಡವರ ಲೆಕ್ಕದಲ್ಲಿ ಗುಡ್‌ವಿಲ್ ಅಂತ ಬರುತ್ತೆ.”

“ಅಂದರೆ ತಾನು ಗಳಿಸಿದ ಹೆಸರಿಗೆ ಲೆಕ್ಕದಲ್ಲಿ ಜಾಗವಿಲ್ಲ, ದುಡ್ಡು ಕೊಟ್ಟು ಕೊಂಡ ಹೆಸರಿಗೆ ಇದೆ.”

“ಹೂಂ.”

“ಈ ನಿಯಮ ಮಾಡಿದವರು ಸಾಹಿತ್ಯಲೋಕವನ್ನು ಚೆನ್ನಾಗಿ ಬಲ್ಲವರು” ಎಂದೆ.

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ, ತಾನಾಗಿ ಬೆಳೆದ ಹೆಸರಿನ ವೆಚ್ಚವನ್ನು ನಂಬುವಂತೆ ಅಳೆಯಲು ಬರುವುದಿಲ್ಲ, ಅದಕ್ಕೇ ಈ ಕಟ್ಟು ಎಂದು ವಿವರಿಸಲು ಹೊರಟು, ನಡುವೆ ತಡೆದ. ಒಂದು ಕೊಂಡಿ ಸಿಗಲಿಲ್ಲ. ಮೇಲಕ್ಕೆ ಓಡಿ ಪುಸ್ತಕ ತಂದ. “ಒಬ್ಬನೇ ಓದುವಾಗ ಇದು ಗೊತ್ತಿದೆ ಅಂತಲೇ ಅಂದ್ಕೊಂಡಿದ್ದೆ” ಎಂದ.

ಅಂದಿನಿಂದ ರಾತ್ರಿ ಒಂಬತ್ತರಿಂದ ಒಂಬತ್ತೂವರೆ ಅವನು ಮೇಷ್ಟ್ರು, ನಾನು ವಿದ್ಯಾರ್ಥಿ. ದಡ್ಡ ವಿದ್ಯಾರ್ಥಿ ಎಂದು ಬೇರೆ ಹೇಳಬೇಕಿಲ್ಲ. ಆದರೆ ಅವನಿಗೆ ಬೇಕಾದದ್ದೂ ದಡ್ಡನೇ. ನನ್ನಲ್ಲಿದ್ದದ್ದು ಹಳೆಯ ಮಾತುಗಳ ಬಂಡವಾಳ ಮಾತ್ರ: ಜಮಾ, ಖರ್ಚು, ಕಿರ್ದಿ, ಖಾತೆ. ನನ್ನ ಅಜ್ಜ ಶಾನುಭೋಗರಾಗಿದ್ದವರು. ಗ್ರಾಮಾಧಿಕಾರಗಳನ್ನು ರದ್ದು ಮಾಡಿದ ಕಾನೂನು 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಆ ಶಾನುಭೋಗಿಕೆ ಕೊನೆಗೊಂಡಿತು. ಅವರ ಹಿಂದಿನ ಕಾಲದಲ್ಲಿ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ: ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪು ಮಾಡಿದ ಬಟ್ಟೆಯ ಮಡಿಕೆ, ಅದರ ಮೇಲೆ ಬಳಪ. ಹುಡುಗನಿಗೆ ಇದನ್ನು ಹೇಳಿದಾಗ ಅವನ ಕಣ್ಣರಳಿತು. ಲೆಕ್ಕವೆಂಬುದು ನಮ್ಮಲ್ಲಿ ಎಂದೂ ಒಬ್ಬರೇ ಮಾಡುವ ಕೆಲಸವಾಗಿರಲಿಲ್ಲ. ಮಗ್ಗಿ ಹೇಳಿದ್ದು ಹಿಂಡಿನಲ್ಲಿ. ಅಜ್ಜ ಬರೆಯುತ್ತಿದ್ದುದು ಜಗಲಿಯ ಮೇಲೆ. ಸುತ್ತ ನಾಲ್ಕು ಜನ ರೈತರು, ಮಧ್ಯೆ ಎಲೆಯಡಕೆ ತಟ್ಟೆ. ವರ್ಷಕ್ಕೊಮ್ಮೆ ಜಮಾಬಂದಿಗೆ ಮೇಲಿನವರು ಬಂದರೆ ಊರಿಗೆ ಊರೇ ನೆರೆಯುತ್ತಿತ್ತು. ಕೂಡುವುದರಲ್ಲಿ ಅಜ್ಜ ತಪ್ಪಿದರೆ ಮೂಲೆಯಲ್ಲಿ ಕುಳಿತ ಯಾರೋ ಒಬ್ಬ “ಶಾನ್‌ಭೋಗ್ರೇ, ಕೈಯಲ್ಲಿ ಎರಡು ಉಳೀತು” ಎನ್ನುತ್ತಿದ್ದನಂತೆ. ಇವನಿಗೆ ಹಾಗೆ ಹೇಳುವವರು ಯಾರು?

ಅವನ ಒಂಟಿತನವನ್ನು ನಾನು ಅರ್ಥಮಾಡಿಕೊಂಡದ್ದು ಅಲ್ಲಿಂದ. ಮನೆಯಲ್ಲಿ ಜನರಿದ್ದೆವು, ಜನರ ಕೊರತೆ ಅಲ್ಲ ಅದು. ದಿನಕ್ಕೆ ಹದಿಮೂರು ಗಂಟೆ ಅವನು ಬಾಳುತ್ತಿದ್ದ ಲೋಕದಲ್ಲಿ ಎರಡನೆಯವನು ಇರಲಿಲ್ಲ. ಅಲ್ಲಿ ಅವನು ಎಡವಿದ್ದು, ಎದ್ದದ್ದು, ಮಧ್ಯಾಹ್ನ ಮೂರಕ್ಕೆ ಕಷ್ಟದ ಲೆಕ್ಕವೊಂದು ಸರಿಯಾಗಿ ಬಂದು ಹಿಗ್ಗಿದ್ದು, ಇದಾವುದೂ ರಾತ್ರಿಯ ಊಟದೆಲೆಗೆ ಬರುತ್ತಿರಲಿಲ್ಲ. ನಮ್ಮ ಸಾರು ಹುಳಿಗಳ ಮಾತು ಅವನ ಲೋಕಕ್ಕೆ ಹೋಗುತ್ತಿರಲಿಲ್ಲ. ಆ ಅರ್ಧ ಗಂಟೆ ನಾನು ಅವನ ಲೋಕದ ಬಾಗಿಲಲ್ಲಿ ನಿಂತು ಇಣುಕಿದೆ, ಅಷ್ಟೆ.

ಒಂದು ರಾತ್ರಿ ಲೆಕ್ಕಪರಿಶೋಧನೆಯ ಪಾಠ. ಯಾವುದೇ ವ್ಯಾಪಾರದ ಲೆಕ್ಕ ಬರೆಯುವುದು ಈ ಅಂಗಡಿ ನಾಳೆಯೂ ಬಾಗಿಲು ತೆರೆಯುತ್ತದೆಂಬ ನಂಬಿಕೆಯ ಮೇಲೆ. ಆ ನಂಬಿಕೆ ಹೋದರೆ ಪ್ರತಿಯೊಂದು ವಸ್ತುವಿಗೂ ಹರಾಜಿನ ಬೆಲೆ ಕಟ್ಟಬೇಕಾಗುತ್ತದೆ. ಇನ್ನು ಕನಿಷ್ಠ ಹನ್ನೆರಡು ತಿಂಗಳು ಇದು ನಡೆದೀತೆ ಎಂದು ಪರಿಶೋಧಕ ಅನುಮಾನದಿಂದ ನೋಡಬೇಕು. ಅನುಮಾನದ ಲಕ್ಷಣಗಳನ್ನು ಅವನು ಬೆರಳು ಮಡಿಸಿ ಎಣಿಸಿದ: ಮೇಲಿಂದ ಮೇಲೆ ನಷ್ಟ, ತೀರದ ಸಾಲ, ಮುಖ್ಯರಾದವರು ಬಿಟ್ಟುಹೋಗುವುದು. ಎಣಿಸುತ್ತ ನಿಂತ. ಸ್ವಲ್ಪ ಹೊತ್ತು ಮಡಿಸಿದ ಬೆರಳುಗಳನ್ನೇ ನೋಡಿ, “ಒಂದೂವರೆ ವರ್ಷದಿಂದ ಒಂದು ರೂಪಾಯಿ ಆದಾಯ ಇಲ್ಲ. ಜೊತೆಗಿದ್ದವರು ಹೋದರು. ಆಡಿಟರ್ ಬಂದ್ರೆ ನನ್ನ ಮೇಲೆ ಏನು ಬರೀತಾರೆ ಮಾವ?” ಎಂದ. ತಮಾಷೆಯ ಧಾಟಿಯೇ, ಕಣ್ಣು ಮಾತ್ರ ತಮಾಷೆಯಲ್ಲಿ ಇರಲಿಲ್ಲ.

ಇಪ್ಪತ್ತು ವರ್ಷ ಮಾತನ್ನೇ ಮಾರಿ ಬದುಕಿದವನಿಗೆ ಆ ಹೊತ್ತಿನಲ್ಲಿ ಒಂದು ಮಾತೂ ಹೊಳೆಯಲಿಲ್ಲ. ಅಡುಗೆಮನೆಯಿಂದ ನನ್ನಾಕೆ, “ಬರೆಯೋರು ಏನಾದ್ರೂ ಬರ್ಕೊಳ್ಳಲಿ. ನಾಳೆ ಬೆಳಿಗ್ಗೆ ಹೆಪ್ಪಿಗೆ ಹಾಲು ಸಾಲದು, ಎದ್ದ ತಕ್ಷಣ ಒಂದು ಲೀಟರ್ ತಂದ್ಬಿಡು” ಎಂದಳು. ಅವನು “ಆಯ್ತು ಅತ್ತೆ” ಎಂದ. ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟಿನ ಸದ್ದು ಕೇಳುವವರೆಗೆ ನಾನು ಎಚ್ಚರವಾಗಿಯೇ ಇದ್ದೆ.

ಮನಸ್ಸು ಇದಕ್ಕಿಂತ ಆಳಕ್ಕೆ ಇಳಿದರೆ ಮಾವಂದಿರ, ಅತ್ತೆಯರ ಕೈಗೆ ಎಟಕುವುದಿಲ್ಲವೆಂಬುದನ್ನೂ ಹೇಳಬೇಕು. ಅದಕ್ಕೆ ವೈದ್ಯರಿದ್ದಾರೆ, ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಫೋನು ವ್ಯವಸ್ಥೆಯಿದೆ, ಅದರ ಸಂಖ್ಯೆ 14416. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮಹಡಿಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದೆ. ಅವನು ನೋಡಿದ, ತೆಗೆಯಲಿಲ್ಲ. ಅದರ ಬಗ್ಗೆ ನಾವು ಮಾತಾಡಲೂ ಇಲ್ಲ.

ಆಗಸ್ಟಿನಲ್ಲಿ ಅವನೇ ಒಂದು ಉಪಾಯ ಹುಡುಕಿಕೊಂಡ. ನಮ್ಮ ಬಡಾವಣೆಗೆ ಸ್ವಲ್ಪ ದೂರದಲ್ಲಿ ತಿಂಗಳಿಗಿಷ್ಟು ಎಂದು ಹಣ ಕಟ್ಟಿಸಿಕೊಂಡು ಓದಲು ಜಾಗ ಕೊಡುವವರಿದ್ದಾರೆ. ಇಂಥವು ಈಗ ಬೆಂಗಳೂರಿನಲ್ಲಿ ಬಹಳ. ಒಮ್ಮೆ ಛತ್ರಿ ಕೊಡಲು ಹೋದವನು ಒಳಗೆ ಇಣುಕಿದೆ. ಹಲಗೆಯ ಅಡ್ಡಗೋಡೆಗಳ ನಡುವೆ ನಲವತ್ತು ತಲೆಗಳು. ಒಬ್ಬ ಕೆ.ಎ.ಎಸ್.ಗೆ, ಒಬ್ಬಳು ಬ್ಯಾಂಕಿಗೆ, ಮೂಲೆಯ ಐದಾರು ಮಂದಿ ಸಿ.ಎ.ಗೆ. ಪಿಸುಮಾತಿಲ್ಲ. ಒಂದು ಮನೆಯ ಒಂಟಿತನ ಸಾಲದೆಂದು ನಲವತ್ತು ಮನೆಯದನ್ನು ತಂದು ಒಂದೆಡೆ ಸುರಿದಂತಿದೆ ಎಂದುಕೊಂಡೆ. ಆದರೆ ನಾಲ್ಕು ಗಂಟೆಗೆ ಅಷ್ಟೂ ತಲೆಗಳು ಮೇಲೆದ್ದು ಎದುರಿನ ಟೀ ಅಂಗಡಿಗೆ ಇಳಿದವು. ಅಲ್ಲಿ ಹೆಸರು ಕೇಳುವವರಿಲ್ಲ. “ನಿಮ್ಮದು ಎಷ್ಟನೇದು?” “ಮೂರನೇದು. ನಿಮ್ಮದು?” “ಐದು.” ಆ ‘ಐದು’ ಎಂಬ ಮಾತನ್ನು ಆ ಹುಡುಗಿ ಹೇಳಿದ ರೀತಿ! ಮನೆಯ ನಂಬರು ಹೇಳುವಷ್ಟು ಸರಾಗ. ಮದುವೆ ಛತ್ರದಲ್ಲಿ ಬಾಯಿಗೆ ಬಾರದ ಸಂಖ್ಯೆ ಅರ್ಧ ಲೋಟ ಚಹಾದ ಎದುರಿಗೆ ಹಗುರಾಗಿ ಬರುತ್ತಿತ್ತು. ಎರಡೂ ಗುಂಪು ಒಟ್ಟಿಗೆ ಕಟ್ಟಿದವರಲ್ಲಿ ಹತ್ತಕ್ಕೆ ಒಬ್ಬರೋ ಇಬ್ಬರೋ ದಾಟುವ ಪರೀಕ್ಷೆ ಅದು. ದಾಟದವರೇ ಹೆಚ್ಚು, ಆದರೂ ಪ್ರತಿಯೊಬ್ಬನಿಗೂ ತಾನೊಬ್ಬನೇ ಹಿಂದೆ ಉಳಿದೆ ಎನಿಸುತ್ತದೆ, ಏಕೆಂದರೆ ಅವರೆಲ್ಲ ಬೇರೆ ಬೇರೆ ಮಹಡಿಗಳಲ್ಲಿ ಇದ್ದಾರೆ.

ಸೆಪ್ಟೆಂಬರಿನಲ್ಲಿ ಪರೀಕ್ಷೆ ನಡೆಯಿತು. ಮಧ್ಯಾಹ್ನ ಎರಡರಿಂದ ಐದು. ಬೆಳಗಿನ ಹೊತ್ತು ಅವನು ಪುಸ್ತಕ ಮುಟ್ಟದೆ ಅಂಗಳದಲ್ಲಿ ಅತ್ತೆಗೆ ಹುರುಳಿಕಾಯಿ ಸೋಸಿ ಕೊಡುತ್ತಿದ್ದ. ಹೇಗಾಯಿತೆಂದು ನಾವು ಕೇಳಲಿಲ್ಲ. ಅಕ್ಕನಿಗೂ ಕೇಳಬೇಡವೆಂದು ಹೇಳಿದ್ದೆ. ಅವಳು ಮೂರು ದಿನವೂ ತೋಟಕ್ಕೆ ನುಗ್ಗಿದ ಮಂಗಗಳ ವಿಷಯವನ್ನೇ ಹೇಳಿದಳು, ಅವನೂ ಆಸಕ್ತಿಯಿಂದ ಕೇಳಿದ.

ಫಲಿತಾಂಶಕ್ಕೆ ಇನ್ನೂ ಕೆಲವು ವಾರಗಳಿವೆ. ಪುಸ್ತಕಗಳು ಟ್ರಂಕಿಗೆ ಹೋಗಿಲ್ಲ, ಮೇಜಿನ ಮೇಲೂ ಇಲ್ಲ. ಮಂಚದ ಕೆಳಗೆ ಇವೆ. ಐದನೆಯ ಸಲದ ಆ ಹುಡುಗಿ ಈ ಸಲ ಕೂರಲಿಲ್ಲವಂತೆ, ಜನವರಿಗೆ ಬರೆಯುತ್ತಾಳಂತೆ. ಇವನು ಕೈಯಾರೆ ಬರೆದ ಟಿಪ್ಪಣಿಗಳನ್ನು ಕೇಳಿದ್ದಾಳೆ. ನಿನ್ನೆ ಸಂಜೆ ಅವನ್ನೆಲ್ಲ ಜೋಡಿಸಿಕೊಂಡು ಟೀ ಅಂಗಡಿಗೆ ಹೋದವನು ಎಂಟೂವರೆಗೆ ಬಂದ. ಅಷ್ಟು ಹೊತ್ತು ಏನು ಮಾತೆಂದು ನಾನು ವಿಚಾರಿಸಲಿಲ್ಲ. ನನ್ನಾಕೆ ವಿಚಾರಿಸಿದಳು, ಆದರೆ ಮಾತಿನ ವಿಷಯವನ್ನಲ್ಲ. ಟಿಪ್ಪಣಿ ತುಂಬಿಕೊಂಡು ಹೋದದ್ದು ಆಕೆಯ ತರಕಾರಿ ಚೀಲದಲ್ಲಿ. ಚೀಲ ವಾಪಸು ಬಂದಿರಲಿಲ್ಲ.